ಜಪಾನಿನ ರಂಗಭೂಮಿಯ ರಸಿಕರು

ನಾಟಕವು ನಟನೊಬ್ಬನಿಂದಲೇ ಪೂರ್ಣವಾಗುವ ಕಲೆಯಲ್ಲ. ಕವಿ ಬರೆದು, ನಟ ಅಭಿನಯಿಸಿ, ವಾದ್ಯಗಾರ ನುಡಿಸಿದ ಮೇಲೂ ಅದಕ್ಕೆ ಇನ್ನೊಬ್ಬನ ನೆರವು ಬೇಕಾಗುತ್ತದೆ. ಅವನೇ ಪ್ರೇಕ್ಷಕ. ನಮ್ಮ ಆಲಂಕಾರಿಕರು ಅವನನ್ನು ಸಹೃದಯನೆಂದು ಕರೆದರು. ಕಲಾವಿದನ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು ಎಂದು ಆ ಮಾತಿನ ಅರ್ಥ. ಸಹೃದಯನಿಲ್ಲದ ನಾಟಕವು ಕೇಳುವವರಿಲ್ಲದ ಕಾಡಿನಲ್ಲಿ ಹಾಡಿದ ಹಾಡಿನಂತೆ.

ಈ ಮಾತಿನ ನಿಜವನ್ನು ಅರಿಯಲು ಜಪಾನಿನ ರಂಗಭೂಮಿ ಒಂದು ಉತ್ತಮ ನಿದರ್ಶನ. ಆರು ನೂರು ವರ್ಷಗಳಿಗೂ ಹಿಂದೆ ಹುಟ್ಟಿದ ನಾಟಕವೂ ಇತ್ತೀಚೆಗೆ ಹುಟ್ಟಿದ ಸಂಗೀತನಾಟಕವೂ ಆ ದೇಶದಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಭೂಕಂಪ, ಬೆಂಕಿ, ಯುದ್ಧ, ಬಡತನ ಎಲ್ಲವೂ ಅವುಗಳ ಮೇಲೆ ಎರಗಿದುದುಂಟು. ಆದರೂ ಅವು ಅಳಿಯಲಿಲ್ಲ. ಇದಕ್ಕೆ ನಟರ ಸಾಧನೆ ಎಷ್ಟು ಕಾರಣವೋ ರಸಿಕರ ಪ್ರೀತಿಯೂ ಅಷ್ಟೇ ಕಾರಣ. ಆ ನಾಡಿನ ನಾಲ್ಕು ಬಗೆಯ ರಂಗಮಂದಿರಗಳನ್ನು ನಾವೀಗ ಮನಸ್ಸಿನಲ್ಲೇ ಪ್ರವೇಶಿಸೋಣ. ರಂಗದ ಮೇಲಿರುವವರ ಜೊತೆಗೆ ಎದುರಿಗೆ ಕುಳಿತವರನ್ನೂ ಗಮನಿಸೋಣ.

ಮೊದಲನೆಯದು 'ನೋ' ನಾಟಕದ ಮಂದಿರ. ಇದರ ರಂಗಸ್ಥಳವು ಸುಮಾರು ಹದಿನೆಂಟು ಅಡಿ ಚೌಕದ ನುಣುಪಾದ ಮರದ ನೆಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಂಬಗಳು. ಕಟ್ಟಡದ ಒಳಗಿದ್ದರೂ ರಂಗಕ್ಕೆ ತನ್ನದೇ ಆದ ಸೂರು ಉಂಟು. ಹಿಂದೆ ಇದು ಬಯಲಿನಲ್ಲಿತ್ತು ಎಂಬುದರ ನೆನಪು ಅದು. ಹಿಂಬದಿಯ ಹಲಗೆಯ ಮೇಲೆ ಒಂದು ಪೈನ್ ಮರದ ಚಿತ್ರವನ್ನು ಬಿಟ್ಟರೆ ಬೇರೆ ದೃಶ್ಯಾಲಂಕಾರವಿಲ್ಲ. ಪ್ರೇಕ್ಷಕರ ಎಡಕ್ಕೆ ಸೇತುವೆಯಂತಹ ಒಂದು ಓಣಿ ಇದೆ. ಪ್ರಧಾನ ಪಾತ್ರಧಾರಿ ಮರದ ಮುಖವಾಡ ಧರಿಸಿ ಆ ಓಣಿಯಲ್ಲಿ ನಿಧಾನವಾಗಿ, ಪಾದವನ್ನು ನೆಲಕ್ಕೆ ಸವರಿಕೊಂಡು ಬರುತ್ತಾನೆ. ಒಂದು ಕೊಳಲು, ಮೂರು ಬಗೆಯ ಚರ್ಮವಾದ್ಯ, ಒಂದು ಬದಿಯಲ್ಲಿ ಕುಳಿತು ಹಾಡುವ ಮೇಳ: ಇಷ್ಟೇ ಹಿಮ್ಮೇಳ.

ಇಲ್ಲಿ ನಾಲ್ಕು ಹೆಜ್ಜೆ ನಡೆದರೆ ನೂರಾರು ಹರಿದಾರಿಯ ಪ್ರಯಾಣ ಮುಗಿಯಿತೆಂದು ಅರ್ಥ. ಅಂಗೈಯನ್ನು ಮೆಲ್ಲನೆ ಕಣ್ಣಿನ ಮುಂದಕ್ಕೆ ತಂದರೆ ಅದೇ ಅಳು. ಮುಖವಾಡವನ್ನು ಕೊಂಚ ಮೇಲೆತ್ತಿದಾಗ ಬೆಳಕು ಬಿದ್ದು ಅದು ನಕ್ಕಂತೆ ತೋರುತ್ತದೆ. ಕೊಂಚ ಬಾಗಿಸಿದಾಗ ನೆರಳು ಕವಿದು ದುಃಖಿಸಿದಂತೆ ತೋರುತ್ತದೆ. ಮೊದಲನೆಯದನ್ನು 'ಬೆಳಗುವುದು' ಎಂದೂ ಎರಡನೆಯದನ್ನು 'ಮೋಡ ಕವಿಯುವುದು' ಎಂದೂ ನಟರು ಕರೆಯುತ್ತಾರೆ. ಮರದ ತುಂಡಿಗೆ ನಗುವೂ ಇಲ್ಲ, ಅಳುವೂ ಇಲ್ಲ. ಎರಡನ್ನೂ ತುಂಬುವವನು ನೋಡುವವನೇ. ಆದುದರಿಂದಲೇ ನೋ ಮಂದಿರದಲ್ಲಿ ರಸಿಕರು ಮೌನವಾಗಿ, ಮೈಯೆಲ್ಲ ಕಣ್ಣಾಗಿ ಕುಳಿತಿರುತ್ತಾರೆ.

ಈ ಕಲೆಗೆ ರೂಪು ಕೊಟ್ಟವರು ಕಾನಾಮಿ ಮತ್ತು ಅವನ ಮಗ ಜೆಯಾಮಿ. 1374ರ ಸುಮಾರಿಗೆ ಅಂದಿನ ಅಧಿಪತಿ ಯೋಶಿಮಿತ್ಸು ಕ್ಯೋಟೋ ನಗರದಲ್ಲಿ ಇವರ ಆಟವನ್ನು ನೋಡಿ ಮೆಚ್ಚಿ ಆಶ್ರಯವಿತ್ತನು. ಜೆಯಾಮಿ ಆಗ ಇನ್ನೂ ಹುಡುಗ. ಮುಂದೆ ಅವನು ನಾಟಕಗಳನ್ನಲ್ಲದೆ ನಟನೆಯ ಶಾಸ್ತ್ರವನ್ನೂ ಬರೆದನು. ನಟನು ತನ್ನ ಕಣ್ಣಿನಿಂದ ತನ್ನನ್ನು ಕಂಡರೆ ಸಾಲದು, ಎದುರಿಗೆ ಕುಳಿತವರ ಕಣ್ಣಿನಿಂದಲೂ ತನ್ನನ್ನು ಕಾಣಬೇಕು ಎಂಬುದು ಅವನ ಉಪದೇಶಗಳಲ್ಲೊಂದು. ಹೀಗೆ ಪ್ರೇಕ್ಷಕನಿಗೆ ಇಷ್ಟು ಗೌರವವಿತ್ತ ಈ ಮಹಾಕಲಾವಿದನು ಮುಪ್ಪಿನಲ್ಲಿ ಆಳುವವರ ಅವಕೃಪೆಗೆ ಗುರಿಯಾಗಿ 1434ರಲ್ಲಿ ಸಾದೋ ದ್ವೀಪಕ್ಕೆ ಗಡೀಪಾರಾದನು. ಅರಸರ ಆಶ್ರಯವು ಎಷ್ಟು ಚಂಚಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1868ರಲ್ಲಿ ಜಪಾನಿನ ಹಳೆಯ ಆಡಳಿತ ಉರುಳಿದಾಗ ನೋ ನಟರಿಗೆ ದೊರೆಯುತ್ತಿದ್ದ ವೇತನವೂ ನಿಂತುಹೋಯಿತು. ಎಷ್ಟೋ ಮಂದಿ ವೃತ್ತಿಯನ್ನೇ ತೊರೆದರು. ಉಮೆವಾಕಾ ಮಿನೋರು ಎಂಬ ನಟನೂ ಅವನಂತಹ ಕೆಲವರೂ ಛಲ ಹಿಡಿದು ಆಟವನ್ನು ಮುಂದುವರಿಸಿದರು. ಅನಂತರ ಈ ಕಲೆಯನ್ನು ಪೊರೆದವರಲ್ಲಿ ಹವ್ಯಾಸಿಗಳ ಪಾತ್ರ ದೊಡ್ಡದು. ಅವರು ಬೇರೆ ಬೇರೆ ಉದ್ಯೋಗಗಳಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ನಟರ ಬಳಿ ನೋ ಹಾಡುಗಾರಿಕೆಯನ್ನು ಕಲಿಯುವವರು. ಅವರು ಕೊಡುವ ಗುರುದಕ್ಷಿಣೆ ನಟರಿಗೆ ಆಧಾರ. ಅವರು ಪಡೆದ ಶಿಕ್ಷಣ ಸಭೆಗೆ ಆಧಾರ. ಕಲಿತು ನೋಡುವವನ ಕಣ್ಣಿಗೆ ಸಣ್ಣ ಹೆಜ್ಜೆಯೂ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಒಸಾಕಾ ನಗರದ ಗೊಂಬೆಯಾಟದ ಮಂದಿರ. ಇಲ್ಲಿನ ಆಟಕ್ಕೆ ಬುನ್ರಾಕು ಎಂದು ಹೆಸರು. 1684ರಲ್ಲಿ ತಾಕೆಮೊತೊ ಗಿದಯು ಎಂಬ ಗಾಯಕನು ಒಸಾಕಾದಲ್ಲಿ ಗೊಂಬೆಯಾಟದ ಮಂದಿರವೊಂದನ್ನು ತೆರೆದನು. ಚಿಕಮತ್ಸು ಮೊನ್ಜಯೆಮೊನ್ ಎಂಬ ಮಹಾನಾಟಕಕಾರನು ಅವನಿಗಾಗಿ ಕೃತಿಗಳನ್ನು ರಚಿಸಿದನು. 1703ರಲ್ಲಿ ಆ ನಗರದಲ್ಲೇ ನಡೆದ ಒಂದು ದುರಂತವನ್ನು, ಅಂಗಡಿಯ ಗುಮಾಸ್ತನೊಬ್ಬನ ವಿಫಲ ಪ್ರೇಮದ ಕಥೆಯನ್ನು, ಅವನು ಕೆಲವೇ ವಾರಗಳಲ್ಲಿ ನಾಟಕವಾಗಿಸಿದನು. ವೀರರೂ ಅರಸರೂ ಮೆರೆಯುತ್ತಿದ್ದ ರಂಗಕ್ಕೆ ಅಂದು ಸಾಮಾನ್ಯ ಮನುಷ್ಯನು ನಾಯಕನಾಗಿ ಬಂದನು.

ಬುನ್ರಾಕುವಿನ ಒಂದು ಮುಖ್ಯ ಗೊಂಬೆಯನ್ನು ಮೂವರು ಆಡಿಸುತ್ತಾರೆ. ಹಿರಿಯನು ತಲೆಯನ್ನೂ ಬಲಗೈಯನ್ನೂ, ಎರಡನೆಯವನು ಎಡಗೈಯನ್ನೂ, ಮೂರನೆಯವನು ಕಾಲುಗಳನ್ನೂ ನಡೆಸುತ್ತಾರೆ. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಎಂದು ಆ ವೃತ್ತಿಯವರಲ್ಲಿ ಮಾತುಂಟು. ಅಷ್ಟು ಕಾಲ ಕಲಿತ ಮೇಲೆಯೇ ತಲೆ ಹಿಡಿಯುವ ಭಾಗ್ಯ. ಸ್ತ್ರೀಗೊಂಬೆಗಳಿಗೆ ಸಾಮಾನ್ಯವಾಗಿ ಕಾಲುಗಳೇ ಇರುವುದಿಲ್ಲ. ಮೂರನೆಯವನು ಉಡುಪಿನ ಅಂಚನ್ನು ಚಿಮ್ಮಿಸಿ ನಡಿಗೆಯ ಭ್ರಮೆಯನ್ನು ಉಂಟುಮಾಡುತ್ತಾನೆ. ರಂಗದ ಬಲಬದಿಯಲ್ಲಿ ಒಬ್ಬ ಗಾಯಕನೂ ಮೂರು ತಂತಿಗಳ ಶಾಮಿಸೆನ್ ನುಡಿಸುವವನೊಬ್ಬನೂ ಕುಳಿತಿರುತ್ತಾರೆ. ಗಾಯಕನು ಗ್ರಂಥವನ್ನು ಹಣೆಗೊತ್ತಿಕೊಂಡು ನಮಸ್ಕರಿಸಿ ಆರಂಭಿಸುತ್ತಾನೆ. ಮುದುಕ, ಮಗು, ಯೋಧ, ತಾಯಿ ಎಲ್ಲರ ಮಾತೂ ಅವನೊಬ್ಬನ ಕಂಠದಿಂದಲೇ ಹೊರಡುತ್ತದೆ.

ಗೊಂಬೆಯನ್ನು ಆಡಿಸುವವರು ಮರೆಯಲ್ಲಿರುವುದಿಲ್ಲ. ಕಪ್ಪು ಬಟ್ಟೆ ತೊಟ್ಟು ಕಣ್ಣೆದುರಿಗೇ ಇರುತ್ತಾರೆ. ಹಿರಿಯನಂತೂ ಅನೇಕ ವೇಳೆ ಮುಖವನ್ನೂ ಮುಚ್ಚಿಕೊಳ್ಳುವುದಿಲ್ಲ. ಮೊದಲ ಕೆಲವು ನಿಮಿಷ ನಮಗೆ ಒಂದು ಗೊಂಬೆಯೂ ಮೂವರು ಮನುಷ್ಯರೂ ಕಾಣುತ್ತಾರೆ. ಬರಬರುತ್ತ ಮನುಷ್ಯರು ಮಸುಕಾಗಿ ಗೊಂಬೆಯೇ ಉಸಿರಾಡತೊಡಗುತ್ತದೆ. ಇದು ಆಡಿಸುವವರ ಚಾತುರ್ಯವೂ ಹೌದು, ನೋಡುವವರ ನಂಬಿಕೆಯೂ ಹೌದು. 1945ರ ಬಾಂಬು ದಾಳಿಯಲ್ಲಿ ಒಸಾಕಾದ ಗೊಂಬೆಯಾಟದ ಮಂದಿರ ಸುಟ್ಟುಹೋಯಿತು. ಅನಂತರ ಪ್ರೇಕ್ಷಕರೂ ಕಡಿಮೆಯಾಗಿ, ನಡೆಸುತ್ತಿದ್ದ ವ್ಯಾಪಾರ ಸಂಸ್ಥೆ ಕೈಬಿಟ್ಟಿತು. ಆಗ 1963ರಲ್ಲಿ ಸಾರ್ವಜನಿಕ ಧನಸಹಾಯದಿಂದ ಬುನ್ರಾಕು ಸಂಘವೊಂದು ಸ್ಥಾಪನೆಯಾಯಿತು. 1984ರಲ್ಲಿ ಒಸಾಕಾದಲ್ಲಿ ರಾಷ್ಟ್ರೀಯ ಬುನ್ರಾಕು ಮಂದಿರ ತೆರೆಯಿತು.

ಮೂರನೆಯದು ಕಬುಕಿ ಮಂದಿರ. ಇಲ್ಲಿ ಮೌನಕ್ಕೆ ಎಡೆಯಿಲ್ಲ. ಬಣ್ಣ, ಬೆಡಗು, ಕುಣಿತ, ಕೂಗು ಎಲ್ಲವೂ ಉಕ್ಕಿ ಹರಿಯುತ್ತವೆ. 1603ರ ಸುಮಾರಿಗೆ ಒಕುನಿ ಎಂಬ ಸ್ತ್ರೀ ಕ್ಯೋಟೋ ನಗರದಲ್ಲಿ ಆಡಿದ ನೃತ್ಯವೇ ಇದರ ಮೂಲ. ಆದರೆ 1629ರಲ್ಲಿ ಸರ್ಕಾರವು ಸ್ತ್ರೀಯರು ರಂಗವೇರುವುದನ್ನು ನಿಷೇಧಿಸಿತು. ಸ್ತ್ರೀಯೊಬ್ಬಳು ನೆಟ್ಟ ಗಿಡದಿಂದ ಸ್ತ್ರೀಯರನ್ನೇ ದೂರವಿಟ್ಟಂತಾಯಿತು. ಅಂದಿನಿಂದ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸಿಕೊಂಡು ಅದನ್ನೊಂದು ವಿಶಿಷ್ಟ ಕಲೆಯಾಗಿ ಬೆಳೆಸಿದರು. ಪ್ರೇಕ್ಷಕರ ನಡುವೆ ಹಾದು ರಂಗವನ್ನು ಸೇರುವ ಎತ್ತರದ ದಾರಿಯೊಂದು ಇಲ್ಲಿನ ವಿಶೇಷ. ಅದರ ಹೆಸರು ಹನಮಿಚಿ, ಎಂದರೆ ಹೂವಿನ ಹಾದಿ. 1758ರಲ್ಲಿ ನಾಮಿಕಿ ಶೋಜೋ ಎಂಬ ನಾಟಕಕಾರನು ತಿರುಗುವ ರಂಗಸ್ಥಳವನ್ನು ಬಳಕೆಗೆ ತಂದನು.

ಕಬುಕಿಯಲ್ಲಿ ಪ್ರಸಿದ್ಧವಾದ 'ನರುಕಾಮಿ' ಎಂಬ ನಾಟಕದ ಕಥೆ ನಮಗೆ ತೀರ ಪರಿಚಿತವಾದುದು. ಕುಪಿತನಾದ ತಪಸ್ವಿಯೊಬ್ಬನು ಮಳೆಯ ನಾಗದೇವತೆಗಳನ್ನು ಮಂತ್ರಬಲದಿಂದ ಸೆರೆಹಿಡಿಯುತ್ತಾನೆ. ನಾಡಿಗೆ ಬರಗಾಲ ಬರುತ್ತದೆ. ಅರಮನೆಯಿಂದ ಸುಂದರಿಯೊಬ್ಬಳು ಬಂದು ಅವನಿಗೆ ಮದ್ಯ ಕುಡಿಸಿ, ಅವನು ಮೈಮರೆತಾಗ ಮಂತ್ರದ ಹಗ್ಗವನ್ನು ಕಡಿದುಹಾಕುತ್ತಾಳೆ. ನಾಗವು ಮೇಲೇರುತ್ತದೆ, ಮಳೆ ಸುರಿಯುತ್ತದೆ. ಎಚ್ಚೆತ್ತ ತಪಸ್ವಿಯ ಉಡುಪು ನೋಡನೋಡುತ್ತಿದ್ದಂತೆಯೇ ಬೆಂಕಿಯ ಜ್ವಾಲೆಗಳ ಚಿತ್ರವುಳ್ಳ ಉಡುಪಾಗಿ ಬದಲಾಗುತ್ತದೆ. ಈ ನಾಟಕವು 1742ರಲ್ಲಿ ಒಸಾಕಾದಲ್ಲಿ ಇಂದಿನ ರೂಪವನ್ನು ಪಡೆಯಿತು. ಇದಕ್ಕೂ ಹಿಂದೆ ಇದೇ ಕಥೆ 'ಒಂದು ಕೊಂಬಿನ ಋಷಿ' ಎಂಬ ಹೆಸರಿನಲ್ಲಿ ನೋ ನಾಟಕವಾಗಿತ್ತು. ಅಂಗದೇಶಕ್ಕೆ ಮಳೆ ತಂದ ನಮ್ಮ ಋಷ್ಯಶೃಂಗನೇ ಬೌದ್ಧ ಗ್ರಂಥಗಳ ಮೂಲಕ ಚೀನಾ ದೇಶವನ್ನು ಹಾದು ಜಪಾನಿನ ರಂಗವನ್ನು ಸೇರಿದ್ದಾನೆ. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಇಂದಿಗೂ ಮಳೆಗಾಗಿ ಜನರು ಋಷ್ಯಶೃಂಗೇಶ್ವರನನ್ನು ಪ್ರಾರ್ಥಿಸುತ್ತಾರೆ. ಕಥೆಗೆ ಗಡಿಗಳಿಲ್ಲ, ಕೇಳುವ ಕಿವಿಯಿದ್ದರೆ ಅದು ಸಮುದ್ರವನ್ನೂ ದಾಟುತ್ತದೆ.

ಕಬುಕಿಯ ರಸಾವೇಶದ ಕ್ಷಣದಲ್ಲಿ ನಟನು ಕಣ್ಣರಳಿಸಿ, ಕೈಕಾಲು ಬಿಗಿದು, ಶಿಲಾಮೂರ್ತಿಯಂತೆ ನಿಂತುಬಿಡುತ್ತಾನೆ. ಮರದ ತುಂಡುಗಳ ಸದ್ದು ಟಕಟಕನೆ ಮೊಳಗುತ್ತದೆ. ಆಗ ಹಿಂದಿನ ಮೇಲಂತಸ್ತಿನಿಂದ ಯಾರೋ ಆ ನಟನ ಮನೆತನದ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಇಚಿಕಾವಾ ದಾನ್‌ಜುರೋ ವಂಶದವನಾದರೆ 'ನರಿತಯಾ' ಎಂದೂ ಓನೋಯೆ ಕಿಕುಗೊರೋ ವಂಶದವನಾದರೆ 'ಓತೊವಯಾ' ಎಂದೂ ಕೂಗು ಏಳುತ್ತದೆ. ಕೂಗುವವರು ಸಾಮಾನ್ಯವಾಗಿ ಕಡಿಮೆ ಬೆಲೆಯ ದೂರದ ಆಸನಗಳಲ್ಲಿ ಕುಳಿತವರು. ಆದರೆ ನೂರಾರು ಬಾರಿ ಆಟ ನೋಡಿ ಪಳಗಿದವರು. ಕೂಗು ಒಂದು ಉಸಿರಿನಷ್ಟು ಮುಂಚೆ ಬಂದರೆ ಆಟ ಕೆಡುತ್ತದೆ. ಒಂದು ಉಸಿರಿನಷ್ಟು ತಡವಾದರೆ ಸಪ್ಪೆಯಾಗುತ್ತದೆ. ಸಕಾಲಕ್ಕೆ ಬಂದರೆ ನಟನ ಮೈಯಲ್ಲಿ ಹೊಸ ಚೈತನ್ಯ ಸಂಚರಿಸುತ್ತದೆ.

ಟೋಕಿಯೋ ನಗರದ ಕಬುಕಿ ಮಂದಿರವು 1889ರಲ್ಲಿ ಕಟ್ಟಿದುದು. 1921ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟುತ್ತಿದ್ದಾಗ 1923ರ ಮಹಾಭೂಕಂಪ ಬಂದೆರಗಿತು. ಪುನಃ ಕಟ್ಟಿದುದು 1945ರ ವಾಯುದಾಳಿಯಲ್ಲಿ ಸುಟ್ಟಿತು. 1951ರಲ್ಲಿ ಬಾಗಿಲು ತೆರೆದ ಕಟ್ಟಡ ಹಳತಾದಾಗ ಅದನ್ನು ಕೆಡವಿ ಕಟ್ಟಿದ ಈಗಿನ ಮಂದಿರವು 2013ರಲ್ಲಿ ಆರಂಭವಾಯಿತು. ಇಷ್ಟೆಲ್ಲವನ್ನೂ ತಡೆದುಕೊಂಡ ಕಬುಕಿಗೆ 2020ರಲ್ಲಿ ಬೇರೊಂದು ಬಗೆಯ ಪರೀಕ್ಷೆ ಒದಗಿತು. ಕೊರೋನಾ ಸಾಂಕ್ರಾಮಿಕದಿಂದ ಮುಚ್ಚಿದ್ದ ಮಂದಿರ ಆ ವರ್ಷದ ಆಗಸ್ಟಿನಲ್ಲಿ ತೆರೆದಾಗ, ರೋಗ ಹರಡೀತೆಂಬ ಭಯದಿಂದ ಕೂಗುವುದಕ್ಕೆ ಅವಕಾಶವಿರಲಿಲ್ಲ. ಚಪ್ಪಾಳೆ ಮಾತ್ರ ಉಳಿಯಿತು. ನಟನು ಬಿಗಿದು ನಿಂತಾಗ ಮೇಲಂತಸ್ತು ಸುಮ್ಮನಿತ್ತು. ಪ್ರೇಕ್ಷಕನ ದನಿಯೂ ನಾಟಕದ ಒಂದು ವಾದ್ಯವೆಂಬುದು ಆ ವಾದ್ಯ ನಿಂತಾಗಲೇ ಎಲ್ಲರಿಗೂ ಸ್ಪಷ್ಟವಾಯಿತು. ಕಾಲಕ್ರಮದಲ್ಲಿ ನಿರ್ಬಂಧ ಸಡಿಲವಾಗಿ ಕೂಗು ಮರಳಿ ಬಂದಿತು.

ನಾಲ್ಕನೆಯದು ತಕರಜುಕ ಎಂಬ ಊರಿನ ಸಂಗೀತನಾಟಕ ಮಂದಿರ. ಇದರ ಕಥೆ ವಿನೋದಕರವಾದುದು. ಕೊಬಯಾಶಿ ಇಚಿಜೋ ಎಂಬ ಉದ್ಯಮಿ ಒಸಾಕಾದಿಂದ ಬಿಸಿನೀರ ಬುಗ್ಗೆಗಳ ಊರಾದ ತಕರಜುಕಕ್ಕೆ 1910ರಲ್ಲಿ ರೈಲುಮಾರ್ಗ ತೆರೆದನು. ಪ್ರಯಾಣಿಕರನ್ನು ಸೆಳೆಯಲು ಅಲ್ಲಿ ಒಳಾಂಗಣ ಈಜುಕೊಳವೊಂದನ್ನು ಕಟ್ಟಿಸಿದನು. ಬಿಸಿಲು ತಾಗದ ನೀರು ತಣ್ಣಗಿದ್ದುದರಿಂದ ಜನ ಬರಲಿಲ್ಲ. ಆಗ ಕೊಳದ ಮೇಲೆ ಹಲಗೆ ಹಾಸಿ ಅದನ್ನೇ ನಾಟಕಶಾಲೆಯಾಗಿ ಮಾಡಿದನು. 1913ರಲ್ಲಿ ಹದಿನಾರು ಮಂದಿ ಬಾಲಕಿಯರನ್ನು ಸೇರಿಸಿಕೊಂಡು ಸಂಗೀತ ಕಲಿಸಿದನು. 1914ರ ಏಪ್ರಿಲ್ 1ರಂದು ಮೊದಲ ಪ್ರದರ್ಶನವಾಯಿತು. ಆಡಿದುದು ಪೀಚ್ ಹಣ್ಣಿನಿಂದ ಹುಟ್ಟಿದ ವೀರಬಾಲಕನ ಜಾನಪದ ಕಥೆ.

ಈ ತಂಡದಲ್ಲಿ ಎಲ್ಲರೂ ಸ್ತ್ರೀಯರೇ. ಪುರುಷಪಾತ್ರಗಳನ್ನೂ ಅವರೇ ವಹಿಸುತ್ತಾರೆ. ಕಬುಕಿಯಲ್ಲಿ ಮುಚ್ಚಿದ ಬಾಗಿಲು ಇಲ್ಲಿ ಬೇರೊಂದು ರೀತಿಯಲ್ಲಿ ತೆರೆಯಿತೆನ್ನಬಹುದು. ಸೇರಬಯಸುವವರು ಸಂಗೀತಶಾಲೆಯಲ್ಲಿ ಎರಡು ವರ್ಷ ಹಾಡು, ನೃತ್ಯ, ಅಭಿನಯಗಳನ್ನು ಕಲಿಯಬೇಕು. ಹೂವು, ಚಂದ್ರ, ಹಿಮ, ನಕ್ಷತ್ರ, ಆಕಾಶ ಎಂದು ಐದು ತಂಡಗಳಿವೆ. ಕೊನೆಯದು 1998ರಲ್ಲಿ ಸೇರಿತು. ಆಟದ ಕೊನೆಯಲ್ಲಿ ಇಪ್ಪತ್ತಾರು ಮೆಟ್ಟಿಲುಗಳ ಹಿರಿಯ ಸೋಪಾನವೊಂದು ರಂಗವನ್ನೆಲ್ಲ ತುಂಬುತ್ತದೆ. ನಟಿಯರು ಕೆಳಗೆ ಕಣ್ಣು ಹಾಯಿಸದೆ, ಹಾಡುತ್ತ, ಗರಿಗಳ ಭಾರವಾದ ಅಲಂಕಾರವನ್ನು ಹೊತ್ತು ಅದರಿಂದ ಇಳಿಯುತ್ತಾರೆ.

ದೂರದರ್ಶನ ಮನೆಮನೆಗೆ ಬಂದ ಮೇಲೆ ಈ ಮಂದಿರಕ್ಕೂ ಜನ ಕಡಿಮೆಯಾದರು. ಆಗ ಕೈಹಿಡಿದವರು ಹದಿಹರೆಯದ ಓದುಗರು. ಇಕೆದಾ ರಿಯೊಕೊ ಎಂಬ ಲೇಖಕಿಯ ಚಿತ್ರಕಥೆಯೊಂದು 1972ರಿಂದ ಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಗಂಡಿನಂತೆ ಬೆಳೆದು ರಾಣಿಯ ಕಾವಲುಪಡೆಯ ಅಧಿಕಾರಿಯಾದ ಆಸ್ಕರ್ ಎಂಬ ತರುಣಿಯ ಕಥೆ ಅದು. 1974ರಲ್ಲಿ 'ವರ್ಸೇಲ್ಸಿನ ಗುಲಾಬಿ' ಎಂಬ ಆ ಕಥೆ ತಕರಜುಕದಲ್ಲಿ ರಂಗವೇರಿತು. ಓದಿ ಮೆಚ್ಚಿದವರು ನೋಡಲು ನೆರೆದರು. ಮಂದಿರ ಮತ್ತೆ ತುಂಬಿತು. 1995ರ ಜನವರಿ 17ರಂದು ಆ ಪ್ರಾಂತ್ಯದಲ್ಲಿ ಭೀಕರ ಭೂಕಂಪವಾಗಿ ಮಂದಿರಕ್ಕೂ ಹಾನಿಯಾಯಿತು. ಮಾರ್ಚ್ ತಿಂಗಳ ಕೊನೆಯ ದಿನ ಅಲ್ಲಿ ಪುನಃ ಆಟ ನಡೆಯಿತು.

ಪಾಶ್ಚಾತ್ಯ ಸಂಗೀತನಾಟಕಗಳಿಗೂ ಜಪಾನಿನಲ್ಲಿ ಆದರ ದೊರೆಯಿತು. 1963ರಲ್ಲಿ ಅಮೆರಿಕದ 'ಮೈ ಫೇರ್ ಲೇಡಿ' ಜಪಾನಿ ಭಾಷೆಯಲ್ಲಿ ಟೋಕಿಯೋದ ರಂಗವನ್ನೇರಿತು. 1983ರಲ್ಲಿ ಶಿಕಿ ಎಂಬ ನಾಟಕ ಸಂಸ್ಥೆಯು 'ಕ್ಯಾಟ್ಸ್' ನಾಟಕಕ್ಕಾಗಿ ಡೇರೆಯಂತಹ ತಾತ್ಕಾಲಿಕ ಮಂದಿರವನ್ನೇ ಟೋಕಿಯೋದಲ್ಲಿ ಕಟ್ಟಿ, ಒಂದೇ ನಾಟಕವನ್ನು ದೀರ್ಘಕಾಲ ಆಡಿತು. ಚಿತ್ರಕಥೆಗಳನ್ನು ಆಧರಿಸಿದ ಸಂಗೀತನಾಟಕಗಳಂತೂ ಈ ಶತಮಾನದಲ್ಲಿ ಒಂದು ಹೊಸ ಪ್ರಕಾರವಾಗಿಯೇ ಬೆಳೆದಿವೆ.

ತಕರಜುಕದ ರಸಿಕರ ನಿಷ್ಠೆ ಹೆಸರಾದುದು. ಹೊಸದಾಗಿ ಸೇರಿದ ನಟಿಯೊಬ್ಬಳನ್ನು ಗುರುತಿಸಿ, ಅವಳು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುವವರೆಗೆ ವರ್ಷಗಟ್ಟಲೆ ಅವಳ ಬೆಳವಣಿಗೆಯನ್ನು ಕಾಣುವವರು ಅವರು. ಆದರೆ ಇಂತಹ ಪ್ರೀತಿಗೂ ಒಂದು ಹೊಣೆಯುಂಟು. 2023ರ ಸೆಪ್ಟೆಂಬರಿನಲ್ಲಿ ಈ ತಂಡದ ಯುವ ನಟಿಯೊಬ್ಬಳು ಮೃತಳಾದಳು. ಅವಳ ಮೇಲೆ ಬಿದ್ದಿದ್ದ ಅತಿಯಾದ ಕೆಲಸದ ಹೊರೆಯೂ ಹಿರಿಯರ ಕಠೋರ ವರ್ತನೆಯೂ ಬೆಳಕಿಗೆ ಬಂದವು. 2024ರ ಮಾರ್ಚಿನಲ್ಲಿ ಸಂಸ್ಥೆಯು ಕಿರುಕುಳ ನಡೆದುದನ್ನು ಒಪ್ಪಿಕೊಂಡು ಅವಳ ಕುಟುಂಬದ ಕ್ಷಮೆ ಬೇಡಿತು. ಸೋಪಾನದ ಮೇಲಿನ ಬೆಳಕನ್ನು ಮೆಚ್ಚುವವನು ಅದರ ಹಿಂದಿನ ಕತ್ತಲೆಯನ್ನೂ ಕೇಳಿ ತಿಳಿಯಬೇಕು. ಕಲೆ ದೊಡ್ಡದು ನಿಜ. ಕಲಾವಿದರ ಜೀವ ಅದಕ್ಕಿಂತ ದೊಡ್ಡದು. ಇದನ್ನು ಮರೆತ ರಸಿಕತೆ ಕೇವಲ ಮೋಹವಾಗುತ್ತದೆ.

ನೋ ಮಂದಿರದಲ್ಲಿ ಪ್ರೇಕ್ಷಕನು ತನ್ನ ಮೌನವನ್ನು ಕೊಡುತ್ತಾನೆ. ಗೊಂಬೆಯಾಟಕ್ಕೆ ನಂಬಿಕೆಯನ್ನು, ಕಬುಕಿಗೆ ದನಿಯನ್ನು, ತಕರಜುಕಕ್ಕೆ ನಿಷ್ಠೆಯನ್ನು ಕೊಡುತ್ತಾನೆ. ಟಿಕೆಟಿನ ಹಣ ಕೊಟ್ಟಲ್ಲಿಗೆ ಅವನ ಋಣ ತೀರುವುದಿಲ್ಲ. ಅಲ್ಲಿಂದ ಅವನ ಕೆಲಸ ಆರಂಭವಾಗುತ್ತದೆ. ಸುಟ್ಟ ಮಂದಿರವನ್ನು ಹಣವಿದ್ದರೆ ಮತ್ತೆ ಕಟ್ಟಬಹುದು. ಸಹೃದಯರಿಲ್ಲದಿದ್ದರೆ ಕಟ್ಟಿದ ಮಂದಿರವೂ ಬರಿದೇ. ಮುಂದೆ ಯಾವುದೇ ಊರಿನಲ್ಲಿ, ಯಾವುದೇ ಆಟದ ಮುಂದೆ ನಾವು ಕುಳಿತಾಗ, ರಂಗದ ಮೇಲಿನವರು ತಮ್ಮ ಬಹುವರ್ಷಗಳ ಸಾಧನೆಯನ್ನು ನಮ್ಮ ಮುಂದಿಡುತ್ತಿದ್ದಾರೆಂಬುದನ್ನು ನೆನೆಯೋಣ. ನಾವು ಏನು ತಂದಿದ್ದೇವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಪದಕೋಶ

ಆಲಂಕಾರಿಕ – ಕಾವ್ಯಶಾಸ್ತ್ರವನ್ನು ಬಲ್ಲವನು
ಹರಿದಾರಿ – ಸುಮಾರು ಮೂರು ಮೈಲಿ ದೂರ
ಅವಕೃಪೆ – ಅಸಮಾಧಾನ, ಕೋಪ
ಪೊರೆ – ಕಾಪಾಡು
ಚರ್ಮವಾದ್ಯ – ಚರ್ಮ ಹೊದಿಸಿದ ವಾದ್ಯ
ಸೋಪಾನ – ಮೆಟ್ಟಿಲುಗಳ ಸಾಲು
ಚೈತನ್ಯ – ಜೀವಕಳೆ, ಉತ್ಸಾಹ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಸಹೃದಯ ಎಂಬ ಮಾತಿನ ಅರ್ಥವೇನು?
2. ಬುನ್ರಾಕುವಿನ ಮುಖ್ಯ ಗೊಂಬೆಯನ್ನು ಎಷ್ಟು ಮಂದಿ ಆಡಿಸುತ್ತಾರೆ?
3. ಹನಮಿಚಿ ಎಂದರೇನು?
4. ತಕರಜುಕ ತಂಡದ ಮೊದಲ ಪ್ರದರ್ಶನ ಎಂದು ನಡೆಯಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ನೋ ನಟನ ಮುಖವಾಡವು ನಗುವಂತೆಯೂ ಅಳುವಂತೆಯೂ ಕಾಣುವುದು ಹೇಗೆ?
2. ಋಷ್ಯಶೃಂಗನ ಕಥೆ ಜಪಾನಿನ ರಂಗವನ್ನು ಸೇರಿದ ಬಗೆಯನ್ನು ವಿವರಿಸಿ.
3. 2020ರಲ್ಲಿ ಕಬುಕಿ ಮಂದಿರ ತೆರೆದಾಗ ಯಾವ ಕೊರತೆ ಉಂಟಾಯಿತು? ಅದರಿಂದ ಏನು ಸ್ಪಷ್ಟವಾಯಿತು?

ಇ. ಸಂದರ್ಭ ಸಹಿತ ವಿವರಿಸಿ.
1. "ಕಲಿತು ನೋಡುವವನ ಕಣ್ಣಿಗೆ ಸಣ್ಣ ಹೆಜ್ಜೆಯೂ ದೊಡ್ಡದಾಗಿ ಕಾಣುತ್ತದೆ."
2. "ಕಲೆ ದೊಡ್ಡದು ನಿಜ, ಕಲಾವಿದರ ಜೀವ ಅದಕ್ಕಿಂತ ದೊಡ್ಡದು."

ಈ. ನಿಮ್ಮ ಊರಿನಲ್ಲಿ ನೀವು ನೋಡಿದ ಒಂದು ಆಟದಲ್ಲಿ ಪ್ರೇಕ್ಷಕರು ಹೇಗೆ ನಡೆದುಕೊಂಡರೆಂಬುದನ್ನು ಒಂದು ಪುಟದಲ್ಲಿ ಬರೆಯಿರಿ.